ಜೀಪಿನ ಗಂಟಲಿಗೆ ತೆಂಗಿನ ನಾರು

ನನ್ನ ಸೋದರಮಾವನ ಹಳೇ ಜೀಪಿಗೆ ಹೊಗೆ ಕೊಳವೆ ಹಿಂದುಗಡೆ ಇರಲಿಲ್ಲ. ಎರಡೂ ಬದಿಗೆ, ಬಾಗಿಲ ಕೆಳಗೆ ಒಂದೊಂದಿತ್ತು. ಹಿಂದಿನ ಮಾಲೀಕನ ಶೋಕಿ. ಸದ್ದಡಗಿಸಲು ಅವುಗಳೊಳಗೆ ತೂತುತೂತಿನ ಸಣ್ಣ ಕೊಳವೆಗಳಿದ್ದವು. ಆದರೂ ಜೀಪು ಶುರುವಾದರೆ ಅತ್ತೆಯ ಕುರಿಗಳು ಬೇಲಿ ಹಾರುತ್ತಿದ್ದವು. ಮಾವ ಆ ಒಳಗೊಳವೆಗಳಿಗೆ ತೆಂಗಿನ ನಾರು ಸುತ್ತಿ ಮತ್ತೆ ತುರುಕಿದ. ನಮ್ಮ ಕಡೆ ನಾರಿನಿಂದ ಆಗದ ಕೆಲಸವೇ ಇಲ್ಲ. ಸದ್ದು ಅಡಗಿತು. ಆಮೇಲೆ ನಾರು ಸುಟ್ಟು, ಮಸಿ ಸೇರಿ ಅಂಟಾಗಿ, ಜೀಪಿನ ಉಸಿರೇ ಕಟ್ಟಿತು.

"ಮಾರ್ಬುಡು, ಇಲ್ಲಾ ಅದ್ರೊಳಗೇ ಸಂಸಾರ ಮಾಡು" ಅಂದಳು ಅತ್ತೆ. ಪಾವಗಡದ ಗಿರಾಕಿಯೊಬ್ಬನನ್ನು ಕರೆಸಿ, ಅವನು ಒಪ್ಪಿದರೆ ಜೀಪು ಅವನದೇ ಎಂದು ಮಾತೂ ಕೊಟ್ಟಳು. ಮಾವನಿಗೆ ಮಾರುವ ಮನಸ್ಸೇ ಇರಲಿಲ್ಲ.

ಗಿರಾಕಿ ಬರುವ ದಿನ ಬೆಳಿಗ್ಗೆ ನಾನು ಸುಮ್ಮನಿರಬಾರದೇ? ಜೀಪು ಏರು ಹತ್ತುವುದನ್ನು ಅನುಕರಿಸಿ ತೋರಿಸಿದೆ. "ಖೊಳ್... ಖೊಳ್... ಉಸ್ಸಪ್ಪಾ! ಪಾವಗಡದೋನು ಇದನ್ನ ಆಸ್ಪತ್ರೆಗೆ ಸೇರ್ಸು ಅಂತಾನೆ ಮಾವ."

ಮಾವನ ಮುಖ ಕೆಂಪಾಯಿತು. "ನನ್ ಗಾಡಿನ ಆಡ್ಕಂತಾನಾ? ಹತ್ಲಾ, ಶಿರಾಕ್ಕೆ ಹೋಗಾನ."

ಶಿರಾದ ವೆಲ್ಡಿಂಗ್ ಸಾಹೇಬರು ಬಗ್ಗಿ ನೋಡಿದರು. "ಕ್ಯಾ ಮಿಯಾ, ಸೈಲೆನ್ಸರ್‌ಗೆ ಹಾಸ್ಗೆ ಹಾಸಿದೀರಾ?" ಡೀಸೆಲ್ ಸುರಿದು ನೆನೆಯಲು ಬಿಟ್ಟರು. ಇಕ್ಕುಳದಲ್ಲಿ ತಿರುವಿದರೆ ಒಳಗೊಳವೆಯ ತುದಿ ಮಾತ್ರ ಮುರಿದು ಕೈಗೆ ಬಂತು. ಕೊನೆಗೆ ಒಳಗೊಳವೆಯ ಬಾಯಿಗೆ ಸರಳೊಂದನ್ನು ಬೆಸೆದು, ಹೊರಗೊಳವೆಯನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಎಳೆಸಿದರು. ಎಡಗಡೆಯದು ಬಂತು. ಬಲಗಡೆಯದು ಜಪ್ಪಯ್ಯ ಎನ್ನಲಿಲ್ಲ.

"ಬರಾಕಿಲ್ಲ ಅಂದ್ರೆ ಬರಾಕಿಲ್ಲ!" ಎಂದೆ, ಥೇಟ್ ಅತ್ತೆಯ ದನಿಯಲ್ಲಿ. ಮಾವ ಬೆಚ್ಚಿ ಹಿಂದೆ ತಿರುಗಿ ನೋಡಿದ.

"ನಾಟ್ಕ ಬುಟ್ಟು ಎಳಿಯೋ, ಬಾಯಿಬಡುಕ!" ಎಂದ.

ನನ್ನ ಶೌರ್ಯ ತೋರಿಸಲು ಒಬ್ಬನೇ ಜಗ್ಗಿದೆ. ಅದು ಸರಕ್ಕನೆ ಬಂದೇಬಿಟ್ಟಿತು. ನಾನು ಅಂಗಾತ ಬಿದ್ದೆ. ಮೈಮೇಲೆಲ್ಲ ಮಸಿ. ಸಾಹೇಬರು ಮೊದಲು ಕೊಳವೆಗೆ ಪೆಟ್ಟಾಯಿತೇ ಎಂದು ನೋಡಿದರು.

ನಾರು ಕೆರೆದು ತೆಗೆದು ಒಳಗೊಳವೆಗಳನ್ನು ಮತ್ತೆ ಕೂರಿಸಿಕೊಟ್ಟರು. ವಾಪಸು ಬರುವಾಗ ಜೀಪು ಏರನ್ನು ಮೂರನೇ ಗೇರಿನಲ್ಲೇ ಹತ್ತಿತು. ಮಾವ ಮದುವೆಯ ದಿನವೂ ಅಷ್ಟು ನಕ್ಕಿರಲಿಕ್ಕಿಲ್ಲ. ಮನೆಯಲ್ಲಿ ಗಿರಾಕಿ ಕಾಫಿ ಕುಡಿಯುತ್ತಿದ್ದ. ಜೀಪನ್ನು ಕೆರೆ ಏರಿಯವರೆಗೆ ಓಡಿಸಿಕೊಂಡು ಬಂದು, "ಅಬ್ಬಬ್ಬ, ಏಂ ಪುಲ್ಲಿಂಗ್ ಸಾಮಿ! ನಂಗೇ ಇರ್ಲಿ, ಇನ್ಯಾರ್ಗೂ ತೋರಿಸ್ಬ್ಯಾಡಿ" ಎಂದ. ವ್ಯಾಪಾರ ಕುದುರಿತೆಂದು ಅತ್ತೆ ಎಲೆ ಅಡಿಕೆ ತರಲು ಎದ್ದಳು.

ಮಾವ ನನ್ನನ್ನು ಗೋಡೆಯ ಮರೆಗೆ ಎಳೆದ.

"ಲೇ, ಅಂಗೇ ಕೆಮ್ಕಂಡಿರಕ್ಕೆ ಬುಟ್ಟಿದ್ರೆ ಇವ್ನು ಎದ್ದೋಗ್ತಿದ್ದ ಅಲ್ವೇನ್ಲಾ?"

"ಊಂ ಮಾವ."

"ಬೆಳಿಗ್ಗೇನೇ ಯಾಕ್ ಬೊಗುಳ್ಲಿಲ್ಲ?"

"ನಂಗೂ ಈಗ್ಲೇ ಹೊಳ್ದಿದ್ದು."

ಈ ಉತ್ತರಕ್ಕೆ ಯಾರ ದನಿಯನ್ನೂ ಎರವಲು ತರಲಾಗಲಿಲ್ಲ, ನನ್ನದೇ ಬಂತು. ಮಾವ ಹೋಗಿ, ಜೀಪು ಒಯ್ಯಲು ಹತ್ತಿದ್ದ ಗಿರಾಕಿಯ ಪಕ್ಕ ಕೂತ. "ಎರಡ್ನೇ ಗೇರು ಒಸಿ ಮೆತ್ತಗೆ ಹಾಕಿ ಸಾಮಿ" ಎಂದು ಅವನ ಕೈಯ ಮೇಲೆ ಕೈಯಿಟ್ಟು ತೋರಿಸಿಕೊಟ್ಟ.