ಸಮುದ್ರದ ಬದಿಯ ಹೊಯಿಗೆ

೧೯೯೧ರ ಫೆಬ್ರವರಿಯ ಮೊದಲ ವಾರದ ಒಂದು ಬೆಳಗ್ಗೆ, ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಎದುರು ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಬಾಂಬಿನ ಸದ್ದಿಗೆ ಒಡೆಯದಿರಲೆಂದು ಕಿಟಕಿಯ ಗಾಜಿಗೆ ಟೇಪು ಅಂಟಿಸಿದ್ದರು. ಅದರ ಕೆಳಗೆ ಹಾಲಿನಪುಡಿಯ ಡಬ್ಬಗಳಲ್ಲಿ ಗುಳ್ಳ ಬದನೆಯ ಸಸಿಗಳಿದ್ದವು. ನನ್ನ ಹೆಂಡತಿ ಕುಕ್ಕರುಗಾಲಲ್ಲಿ ಕೂತು ಒಂದು ಎಲೆಯನ್ನು ಬೆರಳಿನಿಂದ ಮುಟ್ಟಿ ನಕ್ಕಳು. ಆಗಸ್ಟ್ ಕಳೆದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಪಾಸ್‌ಪೋರ್ಟುಗಳು ವಾಸದ ಪರವಾನಗಿಯಾದ ಇಕಾಮಾದ ಕೆಲಸಕ್ಕೆಂದು, ನನ್ನನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲ್ ಹತ್ತಿರ ಇದ್ದವು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದ ವಾರದಲ್ಲೇ ಆತ ಸೌದಿಗೆ ಹೋಗಿಬಿಟ್ಟ. ಊರವರೆಲ್ಲ ಮನೆಗೆ ಮರಳಲು ಬಸ್ಸು ಹತ್ತಿ ಜೋರ್ಡಾನಿನ ಅಮ್ಮಾನಿನ ದಾರಿ ಹಿಡಿದರು; ಪಾಸ್‌ಪೋರ್ಟಿಲ್ಲದೆ ನಾವು ಉಳಿದೆವು. ಅಂದಿನಿಂದ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು.

ಎದುರು ಮನೆಯವರು ಮೈಸೂರು ಕಡೆಯ ಎಂಜಿನಿಯರು. ಹೆಂಡತಿ ಮಕ್ಕಳನ್ನು ಕಳುಹಿಸಿ, ಅಹ್ಮದಿಯ ನೀರಿನ ಪಂಪುಗಳ ಕೆಲಸಕ್ಕೆಂದು ಒಬ್ಬರೇ ಉಳಿದಿದ್ದರು. ಅಂಗಡಿಗಳಲ್ಲಿ ತರಕಾರಿ ಸಿಗದ ಜನವರಿಯಲ್ಲಿ ನನ್ನ ಹೆಂಡತಿ ತವರಿನಿಂದ ತಂದಿದ್ದ ಬೂದಿ ಸವರಿದ ಬೀಜಗಳ ಗಂಟು ಬಿಚ್ಚಿ, ಅರ್ಧ ನನಗೂ ಅರ್ಧ ಅವರಿಗೂ ಕೊಟ್ಟಳು. ಚಳಿ ಕಳೆಯುವವರೆಗೆ ಒಳಗೆ ಬೆಳೆಸಿ, ಮಾರ್ಚಿನಲ್ಲಿ ಕಟ್ಟಡದ ಹಿಂದೆ ನೆಡುವುದೆಂದು ಮಾತಾಗಿತ್ತು. ಅವಳು ಮತ್ತೆ ಏನನ್ನೋ ಬಯಸಿದ್ದಳು. ಅದನ್ನು ಕೊಡುವವನು ನಾನಾಗಬೇಕಿತ್ತು.

ನನ್ನ ಡಬ್ಬಗಳಲ್ಲಿ ಏನೂ ಬರಲಿಲ್ಲ. ಅವಳು ದಿನವೂ ಎದುರು ಮನೆಗೆ ಹೋಗುತ್ತಿದ್ದಳು. ನಾನು ನಮ್ಮ ಬಾಗಿಲ ಸಂದಿಯಿಂದ, ಅವರ ಬಾಗಿಲ ಹೊರಗೆ ಬಿಟ್ಟ ಅವಳ ಚಪ್ಪಲಿ ನೋಡುತ್ತಿದ್ದೆ.

"ನಿಮ್ಮನೆಯೋರ ಕೈಗುಣ ಸಾರ್," ಎಂದರು ಎಂಜಿನಿಯರು ಆ ಬೆಳಗ್ಗೆ. "ನಾನು ಬರೀ ನೀರು ಹಾಕಿದೋನು."

ಅದೇ ಕೈ ನನಗೂ ಬೀಜ ಕೊಟ್ಟಿತ್ತು.

ಮನೆಗೆ ಬಂದ ಮೇಲೆ ಅವಳು ನನ್ನ ಡಬ್ಬವೊಂದನ್ನು ಮೂಸಿ, ಮಣ್ಣು ಎಲ್ಲಿಯದು ಎಂದು ಕೇಳಿದಳು. ಸಮುದ್ರದ ಕಡೆಯ ಖಾಲಿ ಜಾಗದ ಮರಳು ಎಂದೆ. ನಮ್ಮೂರಲ್ಲಿ ಗುಳ್ಳ ಬೆಳೆಯುವುದು ಸಮುದ್ರದ ಬದಿಯ ಹೊಯಿಗೆಯಲ್ಲೇ ಅಲ್ಲವೇ?

"ನಾಲಿಗೆಗೆ ಇಟ್ಟು ನೋಡಿ."

ಇಟ್ಟು ನೋಡಿದೆ. ಉಪ್ಪು.

"ಅಲ್ಲಿ ಮಳೆ ಬಂದು ಉಪ್ಪು ತೊಳೀತದೆ ಮಾರಾಯ್ರೆ," ಎಂದಳು.

ಎಂಜಿನಿಯರು, ಮನೆ ಬಿಟ್ಟುಹೋದವರ ಬಾಲ್ಕನಿಯ ಹೂಕುಂಡಗಳ ಮಣ್ಣು ತುಂಬಿದ್ದರು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಂಬಳಿಯೊಳಗೆ ಮೊಳಕೆ ಬರಿಸಿದ್ದರಂತೆ. ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಮೆಚ್ಚುಗೆ ನನಗೆ ಉಪ್ಪಿಗಿಂತ ಹೆಚ್ಚು ಹತ್ತಿತು.

ಮಾರ್ಚಿನಲ್ಲಿ ಯುದ್ಧ ಮುಗಿದಿತ್ತು. ಅಹ್ಮದಿ ಕಡೆಯ ಎಣ್ಣೆಬಾವಿಗಳು ಉರಿಯುತ್ತಿದ್ದವು. ಮಧ್ಯಾಹ್ನವೂ ಮಬ್ಬು, ಕಿಟಕಿಯ ಮೇಲೆ ಜಿಡ್ಡು ಮಸಿ. ಬೆಳಕಿಲ್ಲದೆ ಸಸಿಗಳು ಉದ್ದವಾಗಿ, ಬಿಳಿಚಿಕೊಂಡು ಬಾಗಿದ್ದವು. ಸಾಯಲಿ ಎಂದು ನನಗೆ ಅನಿಸಿತು. ಎಂಜಿನಿಯರು ಅವನ್ನು ಕೆಳಗೆ ಹೊತ್ತು ತಂದರು. ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಗುಂಡಿ ತೋಡಿದ. ಮೊದಲ ಸಸಿಯನ್ನು ಎಂಜಿನಿಯರು ಅವಳಿಗಲ್ಲ, ನನಗೆ ನೀಡಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಆಗ ಅವಳು, ಅವರಿಗೆ ಅರ್ಥವಾಗದಿರಲೆಂದು, ತುಳುವಿನಲ್ಲಿ ಹೇಳಿದಳು: "ಮಕ್ಕಳು ಹೇಗಿದ್ದಾರೆಂದು ಕೇಳಲು ಅವರಿಗೆ ಒಂದು ಫೋನಿಲ್ಲ. ಈ ಸಸಿ ಬಿಟ್ಟರೆ ಅವರಿಗೆ ಇಲ್ಲಿ ಯಾರಿದ್ದಾರೆ? ನಿಮಗೆ ನಾನಿದ್ದೇನೆ."

ಇಷ್ಟು ದೊಡ್ಡ ಮಾತನ್ನು ಅವಳು ಸಸಿಯ ಮೇಲಿನ ಕಣ್ಣು ತೆಗೆಯದೆಯೇ ಹೇಳಿದಳು. ಅದೂ ನನಗೆ ಸಹಿಸಲಾಗಲಿಲ್ಲ. ಆದರೂ ಕೈ ಮುಂದೆ ಚಾಚಿ ಸಸಿ ತೆಗೆದುಕೊಂಡೆ, ನೆಟ್ಟೆ, ಬುಡದ ಮಣ್ಣು ಒತ್ತಿದೆ.

ಅಂದು ಇದನ್ನು ಕಂಡವರಲ್ಲಿ ನನ್ನ ಹೆಂಡತಿ ಈಗಲೂ ನನ್ನ ಜೊತೆ ಇದ್ದಾಳೆ. ಎಂಜಿನಿಯರೂ ಇದ್ದಾರೆ, ಮೈಸೂರಿನಲ್ಲಿ, ಮಗಳ ಮನೆಯಲ್ಲಿ. ನನ್ನ ಹೆಂಡತಿ ಅಂದು ತುಳುವಿನಲ್ಲಿ ಏನು ಹೇಳಿದಳೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಕಾವಲುಗಾರನ ಸುದ್ದಿ ನನಗೆ ತಿಳಿಯದು.