ಎಲ್ಲರೂ ಹೂಂ ಅಂದರೆ
ಚಾಮರಾಜಪೇಟೆಯ ಲ್ಯಾಬಿನ ಡಾಕ್ಟರ್ ವಿಶ್ವಾರಾಧ್ಯರಿಗೆ ಒಮ್ಮತವೆಂದರೆ ಆಗದು. ಆರೋಗ್ಯವಂತರ ಬಿಳಿ ರಕ್ತಕಣಗಳು ರೋಗಾಣುಗಳನ್ನು ಎದುರಿಸುವ ಪ್ರತಿಕಾಯವನ್ನು ಕಣಕ್ಕೊಂದು ಬಗೆಯಂತೆ ತಯಾರಿಸುತ್ತವೆ; ಕತ್ತಿನ ಗಂಟಿನಿಂದ ತೆಗೆದ ಕಣಗಳೆಲ್ಲ ಒಂದೇ ಪ್ರತಿಕಾಯ ತೋರಿಸಿದರೆ ಅದು ಲಿಂಫೋಮಾ, ಕ್ಯಾನ್ಸರ್. ಜೀವಮಾನವೆಲ್ಲ ಮೈಕ್ರೋಸ್ಕೋಪಿನಲ್ಲಿ ಇದನ್ನೇ ನೋಡಿದವರು, ಹೋಟೆಲಿನಲ್ಲಿ ಜೊತೆಯವರೆಲ್ಲ ಮಸಾಲೆದೋಸೆ ಹೇಳಿದರೆ ತಾವು ಖಾರಾಬಾತ್ ಹೇಳುತ್ತಾರೆ. ಸಂಘದ ಸಭೆಯಲ್ಲಿ ಎಲ್ಲರೂ ಕೈಯೆತ್ತಿದರೆ ಇವರ ಕೈ ಜೇಬಿಗಿಳಿಯುತ್ತದೆ. ಮಾತುಮಾತಿಗೂ ಎದುರಾಡುವ ಹೆಂಡತಿ ದಾಕ್ಷಾಯಣಮ್ಮನನ್ನು ತೋರಿಸಿ, “ನಮ್ಮನೆ ಎಷ್ಟು ಆರೋಗ್ಯವಾಗಿದೆ ನೋಡಿ” ಎಂದು ಹಿಗ್ಗುತ್ತಿದ್ದರು. ಹೋದ ವರ್ಷ ಆಕೆಗೇ ಆ ಕಾಯಿಲೆ ಬಂತು. ಈಗ ಅಡುಗೆ ಇವರದೇ. ಸಾರಿಗೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿ, ಮಂಚದ ಪಕ್ಕ ಬೈಗುಳಕ್ಕೆ ಕಾಯುತ್ತಾ ಕೂರುತ್ತಾರೆ. “ಚೆನ್ನಾಗಿದೆ ರೀ” ಎನ್ನುತ್ತಾರೆ ದಾಕ್ಷಾಯಣಮ್ಮ.