ಸಂಕ್ರಾಂತಿಯ ದಿನ ಹಾಕಿಸಿಕೊಂಡ ಸಹಿ

ನಿನ್ನ ಮಗಳಿಗೆ ಆ ಶಾಲೆ ತಪ್ಪಿಸಿದವಳು ನಾನೇ, ಗಿರಿಜಾ. ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಅಲ್ಲ, ಅವರು ಕರೆಸಿದ್ದ ತಜ್ಞನೂ ಅಲ್ಲ — ನಾನು. ಬರೀ ತಪ್ಪಿಸಿದ್ದಲ್ಲ, ತಪ್ಪಿಸುವ ಕಾಗದಕ್ಕೆ ನಿನ್ನಿಂದಲೇ ಸಹಿ ಹಾಕಿಸಿಕೊಂಡೆ. ಆಮೇಲೆ ನಿನ್ನ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತೆ. ಏಳು ವರ್ಷದಿಂದ ಈ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಎಂದು ಬರೆಯಬಹುದಿತ್ತು, ಆದರೆ ಅದೂ ಸುಳ್ಳಾಗುತ್ತದೆ. ಎಷ್ಟೋ ತಿಂಗಳು ನನಗೆ ಇದರ ನೆನಪೇ ಬರುತ್ತಿರಲಿಲ್ಲ. ಮೊದಲು ಅದನ್ನು ಒಪ್ಪಿಕೊಳ್ಳಬೇಕು.

ಡಲ್ಲಾಸಿನ ಉತ್ತರಕ್ಕೆ ನಾವಿದ್ದ ಆ ಊರು ಆಗ ಹೇಗೆ ಬೆಳೆಯುತ್ತಿತ್ತು ಎಂದು ನಿನಗೆ ಗೊತ್ತು. ಬೇಸಿಗೆ ರಜೆಗೆ ಇಂಡಿಯಾಕ್ಕೆ ಹೋಗಿ ಬರುವಷ್ಟರಲ್ಲಿ ದನ ಮೇಯುತ್ತಿದ್ದ ಬಯಲಿನಲ್ಲಿ ಒಂದು ಬಡಾವಣೆ ಎದ್ದಿರುತ್ತಿತ್ತು. ಹೈವೇ ಆಚೆಗಿನ ಹಳೆಯ ಎಲಿಮೆಂಟರಿ ಶಾಲೆಯಲ್ಲಿ ಮಕ್ಕಳು ಹಿಡಿಸದೆ ಆಟದ ಮೈದಾನದಲ್ಲೇ ತಾತ್ಕಾಲಿಕ ಕೊಠಡಿಗಳನ್ನು ತಂದು ಇಳಿಸಿದ್ದರು. ಊಟದ ಹಾಲ್ ಒಂದೇ ಆದ್ದರಿಂದ ಕೆಲವು ಕ್ಲಾಸಿಗೆ ಬೆಳಿಗ್ಗೆ ಹತ್ತೂವರೆಗೇ ಊಟದ ಸರದಿ. ನಮ್ಮ ನಿಧಿ ಮೊಸರನ್ನದ ಡಬ್ಬಿಯನ್ನು ಹಾಗೆಯೇ ವಾಪಸು ತರುತ್ತಿದ್ದಳು. ಅಂತೂ ಈಚೆಬದಿಗೆ ಹೊಸ ಶಾಲೆ ಕಟ್ಟುವುದೆಂದಾಯಿತು. ಶಾಲೆ ಬಂದಮೇಲೆ ಯಾವ ಬೀದಿಯ ಮಕ್ಕಳು ಎಲ್ಲಿಗೆ ಎಂದು ಗೆರೆ ಎಳೆಯಬೇಕಲ್ಲ, ಅದಕ್ಕೆ ತಂದೆತಾಯಂದಿರ ಒಂದು ಕಮಿಟಿ ಮಾಡಿದರು. ನಾನೂ ಸೇರಿಕೊಂಡೆ. ರಿಚರ್ಡ್‌ಸನ್ ಊರಿನ ಆಫೀಸಿನಲ್ಲಿ ನನ್ನ ಕೆಲಸವೇ ಯಾವ ಮೊಬೈಲ್ ಟವರಿಗೆ ಎಷ್ಟು ಜಾಗ ಎಂದು ನಕ್ಷೆಯಲ್ಲಿ ಹಂಚುವುದು. ಇಂಥ ಕಮಿಟಿಗೆ ನನಗಿಂತ ಯೋಗ್ಯರು ಯಾರು ಎಂಬ ಜಂಬ ಬೇರೆ.

ನೀನು ಗದಗಿನಲ್ಲಿ ಎಂಟು ವರ್ಷ ಹತ್ತನೇ ಕ್ಲಾಸಿಗೆ ಗಣಿತ ಕಲಿಸಿ ಬಂದವಳು. ಇಲ್ಲಿ ನಿನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಇದ್ದ ಒಂದು ಕಾರನ್ನು ನಿಮ್ಮ ಯಜಮಾನರು ಬೆಳಿಗ್ಗೆ ಇರ್ವಿಂಗ್‌ನ ಆಫೀಸಿಗೆ ತೆಗೆದುಕೊಂಡು ಹೋದರೆ ಸಂಜೆಯವರೆಗೆ ನಿನಗೆ ನಾಲ್ಕು ಗೋಡೆ. ಹೊಸ ಶಾಲೆ ಎದ್ದದ್ದು ನಿಮ್ಮ ಅಪಾರ್ಟ್‌ಮೆಂಟಿನ ಎದುರಿಗೇ. ಆ ಸುದ್ದಿ ತಿಳಿದೇ ನೀವು ಅಲ್ಲಿ ಮನೆ ಹಿಡಿದಿರಿ. ಮಗಳು ಅನಘಾಳನ್ನು ನಡೆಸಿಕೊಂಡು ಹೋಗಿ ಬಿಟ್ಟು, ಅಲ್ಲೇ ಉಳಿದು, ಲೆಕ್ಕದಲ್ಲಿ ಹಿಂದಿರುವ ಮಕ್ಕಳಿಗೆ ವಾಲಂಟಿಯರ್ ಆಗಿ ಹೇಳಿಕೊಡುವುದು ಎಂದು ನೀನು ಲೆಕ್ಕ ಹಾಕಿದ್ದೆ. ಅದಕ್ಕೆ ವೀಸಾ ಅಡ್ಡ ಬರುವುದಿಲ್ಲ ಎಂದು ವಿಚಾರಿಸಿಯೂ ಆಗಿತ್ತು.

"ಪಗಾರ ಯಾರಿಗೆ ಬೇಕ್ರೀ ಅಕ್ಕಾ? ಬೋರ್ಡಿನ ಮುಂದ ನಿಂತು ಒಂದು ಲೆಕ್ಕಾ ಬಿಡಿಸಿದ್ರ ಸಾಕ್ ನನಗ" ಎಂದಿದ್ದೆ. ಹಾಗೆನ್ನುವಾಗ ನಿನ್ನ ಬಲಗೈ ಸೀಮೆಸುಣ್ಣ ಹಿಡಿದಂತೆ ಗಾಳಿಯಲ್ಲಿ ಆಡುತ್ತಿತ್ತು. ಅದನ್ನು ನೋಡಿದವಳು ನಾನು — ಆ ಶಾಲೆ ನಿನಗೆ ಏನು ಎಂದು ಗೊತ್ತಿದ್ದೂ ಮಾಡಿದವಳು.

ಹೊಸ ಶಾಲೆಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಡಿಸ್ಟ್ರಿಕ್ಟಿನ ತಜ್ಞ ಕಮಿಟಿಯ ಮುಂದೆ ಮೊದಲು ಇಟ್ಟ ನಕ್ಷೆ ದೂರದ ಲೆಕ್ಕದ್ದು. ಹತ್ತಿರದವರು ಹೊಸ ಶಾಲೆಗೆ, ದೂರದವರು ಹಳೆಯದಕ್ಕೆ. ಅದರಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಒಳಗೆ, ನಮ್ಮ ಬೀದಿ ಹೊರಗೆ. ನಾವು ಹೊಸದಾಗಿ ಮನೆ ಕೊಂಡಿದ್ದೆವು. ಆ ಹಳೆಯ ಶಾಲೆ, ಆ ಕೊಠಡಿಗಳು, ಹತ್ತೂವರೆಯ ಊಟ — ಇವೆಲ್ಲ ನಿಧಿಗೆ ಇನ್ನೂ ಮೂರು ವರ್ಷ ಎಂದಾಯಿತು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡನೇ ನಕ್ಷೆ ಮಾಡಿದೆ. ಶಾಲೆಗೂ ನಿಮಗೂ ನಡುವಿನ ರಸ್ತೆಯನ್ನೇ ಗಡಿಯಾಗಿಸಿದೆ. ನೀವು ಹೊರಗಾದಿರಿ, ನಾವು ಒಳಗೆ ಬಂದೆವು. ಕಾರಣ ಕೇಳಿದವರಿಗೆ, ಚಿಕ್ಕ ಮಕ್ಕಳು ನಾಲ್ಕು ಲೇನಿನ ರಸ್ತೆ ದಾಟಬಾರದು ಎಂದೆ. ಆ ರಸ್ತೆಗೆ ಸಿಗ್ನಲ್ ಇತ್ತು, ದಾಟಿಸುವವರನ್ನೂ ನೇಮಿಸುವವರಿದ್ದರು. ಆ ಮಕ್ಕಳು ಹಳೆಯ ಶಾಲೆಗೆ ಹೋಗಲು ಬಸ್ಸಿನಲ್ಲಿ ಹೈವೇಯನ್ನೇ ದಾಟಬೇಕಲ್ಲ ಎಂದು ಯಾರೂ ಕೇಳಲಿಲ್ಲ. ನಾನಂತೂ ನೆನಪಿಸಲಿಲ್ಲ.

ಕಮಿಟಿ ಎರಡು ಪಾಲಾಯಿತು. ಅಪಾರ್ಟ್‌ಮೆಂಟಿನವರು ಏನೆನ್ನುತ್ತಾರೋ ಎಂದು ಒಬ್ಬಾಕೆ ಮತ್ತೆ ಮತ್ತೆ ಕೇಳುತ್ತಿದ್ದಳು. ಅವರ ಒಪ್ಪಿಗೆ ತರುತ್ತೇನೆ ಎಂದು ನಾನೇ ಹೇಳಿ ಬಂದೆ.

ಆ ವಾರವೇ ಸಂಕ್ರಾಂತಿ. ಮೈಸೂರಿನಿಂದ ತಂದ ಅಚ್ಚಿನಲ್ಲಿ ಸಕ್ಕರೆ ಅಚ್ಚು ಹಾಕಿ, ಎಳ್ಳು ಬೆರೆಸಿ, ನಿಮ್ಮ ಅಪಾರ್ಟ್‌ಮೆಂಟಿನ ಏಳು ಜನ ಕನ್ನಡದ ಹೆಂಗಸರನ್ನೂ ಅರಿಶಿನ ಕುಂಕುಮಕ್ಕೆ ಕರೆದೆ. ಬಾಗಿಲ ಪಕ್ಕದ ಮೇಜಿನ ಮೇಲೆ ಎಳ್ಳಿನ ಪೊಟ್ಟಣಗಳು, ಕಬ್ಬಿನ ತುಂಡು, ಬಾಳೆಹಣ್ಣು. ಅವುಗಳ ಪಕ್ಕದಲ್ಲಿ ಆ ಕಾಗದ, ಒಂದು ಪೆನ್ನು. ಎರಡನೇ ನಕ್ಷೆಗೆ ನಮ್ಮ ಒಪ್ಪಿಗೆಯಿದೆ ಎಂದು ಬರೆದಿದ್ದ ಮೊದಲ ಹಾಳೆಯನ್ನು ಹಿಂದಕ್ಕೆ ಮಡಚಿ ಕ್ಲಿಪ್ ಹಾಕಿದ್ದೆ. ಮೇಲೆ ಕಾಣುತ್ತಿದ್ದದ್ದು ಹೆಸರು, ವಿಳಾಸ, ಸಹಿಯ ಗೆರೆಗಳು ಮಾತ್ರ. ಜಾಗ ಸಾಲದೆ ಮಡಚಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ಓದಬಾರದೆಂದೇ ಮಡಚಿದ್ದು.

ಎಲ್ಲರೂ ತಮ್ಮ ಮಕ್ಕಳಿಗೆ ಹೊಸ ಶಾಲೆ ಕೇಳುವ ಸಹಿಯೇ ಎಂದುಕೊಂಡರು. ಕುಂಕುಮ ಇಟ್ಟುಕೊಂಡು, ಕೈಯಲ್ಲಿ ಎಲೆ ಅಡಿಕೆ ಹಿಡಿದಿರುವಾಗ ಮನೆಯಾಕೆ ಕೊಟ್ಟ ಕಾಗದವನ್ನು ತಿರುವಿ ಓದುವುದುಂಟೇ? ನೀನೊಬ್ಬಳು ಮಾತ್ರ ಪೆನ್ನು ಹಿಡಿದು ಒಂದು ಕ್ಷಣ ನಿಂತೆ.

"ಇದ್ರಾಗ ನಮ್ಮ ಅನಘಾನೂ ಬರ್ತಾಳಲ್ರೀ ಅಕ್ಕಾ?"

"ಅಯ್ಯೋ, ಎಲ್ಲಾ ನಮ್ಮ ಮಕ್ಕಳೇ ಅಲ್ವೇನೇ? ಹಾಕು."

ಹಾಕಿದೆ. ನಿನ್ನ ಗುಂಡಗಿನ ಕನ್ನಡ ಅಕ್ಷರದಲ್ಲಿ. ನಾನು ನಿನ್ನ ಕೈಗೆ ಎಳ್ಳಿನ ಪೊಟ್ಟಣ ಕೊಟ್ಟೆ.

ನಕ್ಷೆಯನ್ನು ತೀರ್ಮಾನಿಸುವ ಸ್ಕೂಲ್ ಬೋರ್ಡಿನ ಸಭೆಯ ದಿನ ನೀನು ಫೋನ್ ಮಾಡಿದ್ದೆ. "ನನ್ನೂ ಕರ್ಕೊಂಡ್ ಹೋಗ್ರಿ ಅಕ್ಕಾ, ನಾನೂ ಎರಡು ಮಾತು ಹೇಳ್ತೀನಿ." ನಾನು, "ಕಾರಲ್ಲಿ ಜಾಗ ಇಲ್ಲ ಕಣೇ, ಕಮಿಟಿಯವರು ಬರ್ತಿದಾರೆ. ನಿಮ್ಮ ಪರವಾಗಿ ನಾನೇ ಹೇಳ್ತೀನಿ ಬಿಡು" ಎಂದೆ. ಕಾರಿನಲ್ಲಿ ನಾನು ಒಬ್ಬಳೇ ಹೋದೆ, ಗಿರಿಜಾ. ಪಕ್ಕದ ಸೀಟಿನಲ್ಲಿ ನನ್ನ ಹ್ಯಾಂಡ್‌ಬ್ಯಾಗ್ ಇತ್ತು.

ಅಲ್ಲಿ ಕಮಿಟಿಯವರು ನಿಮ್ಮ ಸಹಿಗಳನ್ನು ಎತ್ತಿ ತೋರಿಸಿದರು. ನೋಡಿ, ಅಪಾರ್ಟ್‌ಮೆಂಟಿನ ತಾಯಂದಿರೇ ಒಪ್ಪಿದ್ದಾರೆ ಎಂದರು. ಎರಡನೇ ನಕ್ಷೆ ಗೆದ್ದಿತು.

ಎರಡು ದಿನ ಬಿಟ್ಟು ನೀನು ನಮ್ಮ ಮನೆಗೆ ಬಂದೆ. ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನಿನ್ನ ಕೈಯಲ್ಲಿ ಡಬ್ಬಿ ಇತ್ತು.

"ನೀವು ನಮ್ಮ ಸಲುವಾಗಿ ಎಷ್ಟು ಓಡ್ಯಾಡಿದ್ರಿ. ಆಗಲಿಲ್ಲಂದ್ರ ಏನ್ ಮಾಡ್ಲಿಕ್ಕ ಬರ್ತದ? ಶೇಂಗಾ ಹೋಳಿಗಿ ಮಾಡೀನಿ, ತಗೋರಿ."

"ನನ್ನ ಕೈಯಲ್ಲಿ ಏನಿತ್ತು ಹೇಳು" ಎಂದೆ ನಾನು. ಹೋಳಿಗೆ ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ. ನಕ್ಷೆಗಾದರೆ ನನ್ನ ಮಗಳ ನೆಪವಾದರೂ ಇತ್ತು. ಆ ಹೋಳಿಗೆಗೆ — ನಿನ್ನ ಆ ಕೃತಜ್ಞತೆಯನ್ನು ಇಸಿದುಕೊಂಡದ್ದಕ್ಕೆ — ಯಾವ ನೆಪವೂ ಇಲ್ಲ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ಬೆಳಿಗ್ಗೆ ನಿಧಿಯನ್ನು ಬಿಡಲು ಹೋದಾಗ ಎದುರಿನ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನೀನು ನಿಂತಿರುತ್ತಿದ್ದೆ. ಅನಘಾಳ ಬಸ್ಸು ಅಷ್ಟೊತ್ತಿಗೆ ಹೋಗಿ ಆಗಿರುತ್ತಿತ್ತು. ಶಾಲೆಯ ಗಂಟೆ ನಿನಗೆ ಅಲ್ಲಿಗೇ ಕೇಳುತ್ತಿತ್ತು. ನೀನು ಕೈ ಬೀಸುತ್ತಿದ್ದೆ, ನಾನೂ ಬೀಸುತ್ತಿದ್ದೆ. ನಿಧಿ ಮೊದಲ ದಿನವೇ ಬಾಲ್ಕನಿಯತ್ತ ಬೊಟ್ಟು ಮಾಡಿ, "ಬಟ್ ಅಮ್ಮಾ, ಅನಘಾ ಲಿವ್ಸ್ ರೈಟ್ ದೇರ್!" ಎಂದಳು. ಬೇಗ ಹೋಗು, ಲೇಟಾಗುತ್ತೆ ಎಂದು ಅವಳನ್ನು ದಬ್ಬಿದೆ. ಒಂದು ವಾರ ಕಳೆದಮೇಲೆ ಇನ್ನೊಂದು ಗೇಟಿನ ಕಡೆಯಿಂದ ಬಿಡತೊಡಗಿದೆ. ಮರುವರ್ಷ ನೀವು ಆಸ್ಟಿನ್‌ಗೆ ಶಿಫ್ಟ್ ಆದಿರಿ. ಬೀಳ್ಕೊಡುವಾಗ ನಾನು ಅತ್ತೆ. ಅದರಲ್ಲಿ ಎಷ್ಟು ಪಾಲು ನಿರಾಳ ಎಂದು ನಿನಗೆ ಗೊತ್ತಾಗಲಿಲ್ಲ.

ಆಮೇಲೆ ನಿನಗೆ ವರ್ಕ್ ಪರ್ಮಿಟ್ ಬಂತು, ಪರೀಕ್ಷೆ ಪಾಸು ಮಾಡಿ ಟೀಚರ್ ಆದೆ. ಫೋಟೋ ಕಳಿಸಿದ್ದೆ, ನಾನು ಹೃದಯದ ಚಿಹ್ನೆ ಒತ್ತಿದ್ದೆ. ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟು ಜಾಣೆ ನಾನು. ನೀನು ಗೆದ್ದದ್ದು ನಿನ್ನ ದುಡಿಮೆಯಿಂದ, ಅದರಿಂದ ನನ್ನ ತಪ್ಪಿನ ಒಂದು ಅಕ್ಷರವೂ ಅಳಿಯುವುದಿಲ್ಲ.

ಮೊನ್ನೆ ನಿನ್ನ ವಾಯ್ಸ್ ಮೆಸೇಜ್ ಬಂತು. "ಅಕ್ಕಾ, ಇಲ್ಲೂ ಹೊಸ ಶಾಲಿ, ಹೊಸ ನಕ್ಷಿ, ಅದ ಗದ್ದಲ ಸುರು ಆಗೇದ್ರಿ. ನನ್ನ ಕ್ಲಾಸಿನ ಅಪಾರ್ಟ್‌ಮೆಂಟ್ ಹುಡುಗ್ರನ್ನೆಲ್ಲಾ ಹೊರಗ ಹಾಕ್ಲಿಕ್ಕ ನಿಂತಾರ. ಆವತ್ತು ನೀವು ಬೋರ್ಡಿನ ಮುಂದ ನಮ್ಮ ಪರವಾಗಿ ಏನ್ ಮಾತಾಡಿದ್ರಿ, ಅದನ್ನ ಬರದು ಕಳಸ್ರಿ. ಇಲ್ಲಿ ತಾಯಂದ್ರಿಗೆ ಹೇಳಿಕೊಡ್ತೀನಿ." ಕೇಳಿ ಫೋನನ್ನು ಮಗುಚಿ ಇಟ್ಟೆ. ನೆನಪಿಲ್ಲ ಕಣೇ ಎಂದರೆ ಮುಗಿಯುತ್ತಿತ್ತು, ನೀನು ನಂಬುತ್ತಿದ್ದೆ — ಈಗಲೂ ನಂಬುತ್ತಿದ್ದೆ ಎಂಬುದೇ ನನ್ನನ್ನು ಕೂರಗೊಡಲಿಲ್ಲ.

ನಿಮ್ಮ ಪರವಾಗಿ ನಾನು ಒಂದು ಮಾತನ್ನೂ ಆಡಲಿಲ್ಲ. ನನಗೆ ಸಿಕ್ಕ ಮೂರು ನಿಮಿಷದಲ್ಲಿ ಆಡಿದ್ದು ಇಷ್ಟು: ಸ್ವಂತ ಮನೆಯವರು ಈ ಶಾಲೆಯ ಜೊತೆ ಬೆಳೆಯುವವರು, ಅಪಾರ್ಟ್‌ಮೆಂಟಿನವರು ಇವತ್ತು ಬಂದು ನಾಳೆ ಹೋಗುವವರು, ಅವರ ಮಕ್ಕಳಿಗೆ ಶಾಲೆ ಬದಲಾಯಿಸುವುದು ಅಭ್ಯಾಸವಾಗಿರುತ್ತದೆ. ರಿಚರ್ಡ್‌ಸನ್‌ನ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ಕಳೆದವಳು ನಾನು, ಈ ಮಾತನ್ನು ನಗುನಗುತ್ತಾ ಹೇಳಿ ಕೂತೆ.

ನಿಮ್ಮ ಸಭೆಯಲ್ಲೂ ಯಾರಾದರೂ ಇದನ್ನೇ ಹೇಳುತ್ತಾರೆ. ನಮ್ಮವಳೇ ಹೇಳಬಹುದು, ಹಬ್ಬಕ್ಕೆ ಕರೆದು ಊಟ ಹಾಕಿದವಳೇ ಹೇಳಬಹುದು. ತಾಯಂದಿರಿಗೆ ಅದನ್ನು ಹೇಳಿಕೊಡು.

ನನ್ನನ್ನು ಕ್ಷಮಿಸು ಎಂದು ಬರೆಯುತ್ತಿಲ್ಲ. ಅನಘಾಗೂ ಇದನ್ನು ಓದಲು ಕೊಡು, ಅವಳಿಗೂ ತಿಳಿಯಬೇಕು. ಸಭೆ ಗುರುವಾರ ಎಂದು ನೀನು ಅದೇ ಮೆಸೇಜಿನಲ್ಲಿ ಹೇಳಿದ್ದೆ. ರಜೆ ಹಾಕಿದ್ದೇನೆ, ಡ್ರೈವ್ ಮಾಡಿಕೊಂಡು ಬರುತ್ತೇನೆ, ಕೊನೆಯ ಸಾಲಿನಲ್ಲಿ ಕೂತಿರುತ್ತೇನೆ. ನೀನು ಹೆಸರು ಹಿಡಿದು ಕರೆದರೆ ಎದ್ದು ನಿಂತು ಆವತ್ತು ಮಾಡಿದ್ದನ್ನೆಲ್ಲ ಮೈಕಿನ ಮುಂದೆ ಹೇಳುತ್ತೇನೆ. ಕರೆಯದಿದ್ದರೆ, ನಿನ್ನ ಕಣ್ಣಿಗೆ ಬೀಳದಂತೆ ಎದ್ದು ಬರುತ್ತೇನೆ.